ಫೋಟೊದ ಹಿಂದಿನ ಸಾಲು

ಕುವೈತಿನಿಂದ ಫೋನ್ ಮಾಡಿದ ಡೈಸಿಗೆ ತಿಳಿಯಬೇಕಾಗಿದ್ದದ್ದು ಒಂದೇ ವಿಷಯ. ತನ್ನ ದೊಡ್ಡಪ್ಪನ ಮಗಳು ವಿನಿಫ್ರೆಡ್‌ಳ ಶವಸಂಸ್ಕಾರ ಶನಿವಾರ ನಾಲ್ಕು ಗಂಟೆಗೋ, ನಾಲ್ಕೂವರೆಗೋ?

ಫೋನ್ ಎತ್ತಿದ್ದು ಸ್ವತಃ ವಿನಿಫ್ರೆಡ್‌ಬಾಯಿಯೇ.

"ಡೈಸಿ, ಇದು ನಾನು. ವಿನ್ನಿ."

ಆ ಕಡೆ ಪಾತ್ರೆಯೇನೋ ಕೆಳಗೆ ಬಿದ್ದ ಸದ್ದಾಯಿತು. ಲೈನ್ ಕಡಿದುಹೋಯಿತು. ವಿನ್ನಿಬಾಯಿ ಫೋನನ್ನು ಮೇಜಿನ ಮೇಲಿಟ್ಟು, ಅರ್ಧಕ್ಕೆ ಬಿಟ್ಟಿದ್ದ ಚಹಾವನ್ನು ಮತ್ತೆ ಸೋಸತೊಡಗಿದರು. ಒಂದಿಷ್ಟು ಲೋಟಕ್ಕೆ, ಒಂದಿಷ್ಟು ಮೇಜಿಗೆ ಬಿತ್ತು.

"ಬೆಳಿಗ್ಗೆಯಿಂದ ಇದು ಒಂಬತ್ತನೆಯದ್ದು, ತಾರಾನಾಥರೇ," ಅಂದರು. "ನಾನು ಸತ್ತದ್ದು ಇಡೀ ಊರಿಗೆ ಗೊತ್ತುಂಟು. ನನಗೆ ಮಾತ್ರ ಗೊತ್ತಿಲ್ಲ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಹನ್ನೆರಡು ದಿನಗಳ ಹಿಂದೆ ಇದೇ ರೀತಿ ಸಾವಿನ ಸುದ್ದಿ ಮೊದಲು ಬಂದು, ಮರುದಿನ ನಿಜವಾಗಿಯೂ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ ವಿಲ್ಸನ್‌ರ ವಿಷಯ ವಿಚಾರಿಸುವುದಕ್ಕೆಂದೇ ನಾನು ಈ ಮನೆಗೆ ಬಂದು ಹೋಗುತ್ತಿದ್ದೆ.

ಇಪ್ಪತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಈಗ ಖಾಸಗಿ ಪತ್ತೇದಾರ ಎಂದು ಬೋರ್ಡು ಹಾಕಿಕೊಂಡವನು ನಾನು. ಹೆಚ್ಚಿನ ಕೆಲಸವೆಲ್ಲ ಗಲ್ಫಿನ ವರಗಳ ಪೂರ್ವಾಪರ ವಿಚಾರಿಸುವುದು. ಕುಡಿಯುತ್ತಾನೋ ಇಲ್ಲವೋ ಎಂದು ತಿಳಿಯುವುದಕ್ಕೆ ಧೈರ್ಯ ಬೇಕಾಗುವುದಿಲ್ಲ. ಈ ಕೆಲಸಕ್ಕೆ ಬೇಕಾಗಿತ್ತು, ನನ್ನಲ್ಲಿ ಅದು ಸಾಕಷ್ಟು ಇರಲಿಲ್ಲ.

ವಿನ್ನಿಬಾಯಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಆಗಿದ್ದವರು. ಇಪ್ಪತ್ತೆರಡು ವರ್ಷಗಳಿಂದ ಮಂಗಳೂರಿನ ಉರ್ವದ ಈ ಮನೆಯ ಊಟದ ಮೇಜಿನ ಮೇಲಿಂದಲೇ 'ಘಾಂಟ್' ಎಂಬ ವೆಬ್‌ಸೈಟ್ ನಡೆಸುತ್ತಾರೆ. ಘಾಂಟ್ ಎಂದರೆ ಕೊಂಕಣಿಯಲ್ಲಿ ಗಂಟೆ. ಅದರಲ್ಲಿ ಬರುವುದು ಮರಣ ಸೂಚನೆಗಳು ಮಾತ್ರ. ದುಬೈ, ಕುವೈತ್, ಮಸ್ಕತ್‌ಗಳಲ್ಲಿರುವ ಮಂಗಳೂರಿನ ಕ್ರೈಸ್ತರು ಬೆಳಿಗ್ಗೆ ಹಲ್ಲುಜ್ಜುವ ಮೊದಲು ತೆರೆಯುವುದು ಅದನ್ನೇ.

ಅದನ್ನು ಕಟ್ಟಿದ ಕ್ರಮವನ್ನು ಈ ಒಂದು ವಾರದಲ್ಲಿ ಅವರೇ ನನಗೆ ಕಲಿಸಿದ್ದರು. ಪೂಜೆಯ ಹೊತ್ತು ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಗಲ್ಫಿನ ಹೊತ್ತು. ವಯಸ್ಸಾದವರ ಕಣ್ಣಿಗೆ ನಿಲುಕುವ ದೊಡ್ಡ ಅಕ್ಷರ. ಲೇಬರ್ ಕ್ಯಾಂಪಿನ ಹಳೆ ಮೊಬೈಲಿನಲ್ಲೂ ಥಟ್ಟನೆ ತೆರೆಯಬೇಕು. ಜಾಹೀರಾತು ಇಲ್ಲ, ಮಿನುಗುವುದಿಲ್ಲ, ಪರದೆಯ ಮೇಲೆ ಅಡ್ಡ ಬಂದು ನಿಲ್ಲುವುದಿಲ್ಲ. ಸಾವಿನ ಮನೆಗೆ ಬಂದವರನ್ನು ಕೈ ಹಿಡಿದು ಎಳೆಯಬಾರದು ಎಂಬುದು ಅವರ ವಾದ.

ಇನ್ನೊಂದು ನಿಯಮ ತಮ್ಮನಿಗಾಗಿ ಮಾಡಿದ್ದು. ತಮ್ಮ ಇಸಿದೋರ್‌ಗೆ ಹತ್ತು ವರ್ಷಗಳಿಂದ ಕಣ್ಣು ಕಾಣುವುದಿಲ್ಲ. ಅವರು ಪುಟವನ್ನು ಫೋನಿನಿಂದ ಓದಿಸಿಕೊಂಡು ಕೇಳುತ್ತಾರೆ. ಆದ್ದರಿಂದ ಘಾಂಟ್‌ನ ಪ್ರತಿ ಫೋಟೊದ ಹಿಂದೆ, ನೋಡುವವರ ಕಣ್ಣಿಗೆ ಬೀಳದ ಹಾಗೆ, ಆ ಫೋಟೊದಲ್ಲಿ ಏನಿದೆ ಎಂದು ವಿವರಿಸುವ ಒಂದು ಸಾಲು ಇರುತ್ತದೆ. ಆ ಸಾಲನ್ನು ತುಂಬಿಸದೆ ಯಾರೇ ಆಗಲಿ ಫೋಟೊ ಹಾಕಲು ಸಾಧ್ಯವಿಲ್ಲ.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಅದೇ ಘಾಂಟ್‌ನಲ್ಲಿ ವಿನ್ನಿಬಾಯಿಯ ಸಾವಿನ ಸೂಚನೆ ಬಂದಿತ್ತು. ಶವಸಂಸ್ಕಾರ ಶನಿವಾರ ಸಂಜೆ ನಾಲ್ಕಕ್ಕೆ, ಕುವೈತಿನಲ್ಲಿ ಮಧ್ಯಾಹ್ನ ಒಂದೂವರೆ. ನಿಧನ, ಶುಕ್ರವಾರ.

ಶುಕ್ರವಾರ ಎಂದರೆ ನಾಳೆ.

"ಆ ಪೇಜು ಒಮ್ಮೆ ತೋರಿಸಿ ವಿನ್ನಿಬಾಯಿ."

"ಅಳಿಸಿದೆ."

"ಅಳಿಸಿದ್ರಾ?"

"ನನ್ನ ಸಾವನ್ನು ನೋಡ್ತಾ ಕೂತ್ಕೊಳ್ಲಿಕ್ಕೆ ಆಗ್ತದಾ? ಬುಡದಿಂದ ಅಳಿಸಿದೆ. ವಿಲ್ಸನ್‌ದ್ದು ಸಹ ಹಾಗೇ ಮಾಡಿದ್ದು." ಅವರು ಕುರ್ಚಿಯಲ್ಲಿ ಕುಳಿತರು. "ಆ ಶನಿವಾರ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿ ನಗಾಡಿದ. ವಿನ್ನಿ, ನಿನ್ನ ಸೈಟಿನಲ್ಲಿ ನಾನು ನಾಳೆ ಸಾಯ್ತೇನಂತೆ ಅಂತ. ನಾನು ಸಹ ನಗಾಡಿದೆ. ಮರುದಿನ ಹನ್ನೆರಡು ಗಂಟೆಗೆ ಅವನನ್ನು ಬಾವಿಯಿಂದ ಎತ್ತಿದ್ರು."

ವಿಲ್ಸನ್ ಪಕ್ಕದ ಓಣಿಯವರು, ಆ ವಾಳೆಯ ಗುರ್ಕಾರ. ಗುರ್ಕಾರನೆಂದರೆ ಇಗರ್ಜಿಯ ಪರವಾಗಿ ಒಂದು ವಾಳೆಯ, ಅಂದರೆ ಅಕ್ಕಪಕ್ಕದ ಒಂದಷ್ಟು ಮನೆಗಳ ಕಷ್ಟಸುಖ ನೋಡಿಕೊಳ್ಳುವವನು. ಸಾವಾದ ಮನೆಗೆ ಮೊದಲು ಕಾಲಿಡುವವನು ಅವನೇ. ಅದಕ್ಕಾಗಿ ವಿನ್ನಿಬಾಯಿ ಪ್ರತಿ ಗುರ್ಕಾರನಿಗೂ ಒಂದು ಪಾಸ್‌ವರ್ಡ್ ಕೊಟ್ಟಿದ್ದರು. ತಮ್ಮ ಒಪ್ಪಿಗೆಗೆ ಕಾಯದೆ ನೇರವಾಗಿ ಸೂಚನೆ ಹಾಕುವ ಅಧಿಕಾರ ಅದಕ್ಕಿತ್ತು. ವಿಲ್ಸನ್‌ರ ಸಾವಿನ ಸೂಚನೆ ಬಂದದ್ದು ವಿಲ್ಸನ್‌ರದ್ದೇ ಪಾಸ್‌ವರ್ಡಿನಿಂದ. ತಾನೇ ಬರೆದು, ತಾನೇ ಬಾವಿಗೆ ಹಾರಿದ ಎಂದು ಪೊಲೀಸರು ಫೈಲು ಮುಚ್ಚಿದ್ದರು. ಅವರ ಮೊಬೈಲ್ ಬಾವಿಯ ಕೆಸರಿನಲ್ಲಿ ಹೂತುಹೋಗಿರಬೇಕು ಎಂದೂ ಬರೆದಿದ್ದರು. ಮೊಬೈಲಿನ ಆ ಮಾತನ್ನು ನಾನೂ ಒಪ್ಪಿಕೊಂಡಿದ್ದೆ.

"ಇವತ್ತಿನದ್ದು ಯಾರ ಪಾಸ್‌ವರ್ಡಿನಿಂದ ಬಂತು?"

ವಿನ್ನಿಬಾಯಿ ತಲೆ ತಗ್ಗಿಸಿದರು. "ವಿಲ್ಸನ್‌ದ್ದೇ."

"ಸತ್ತವರ ಪಾಸ್‌ವರ್ಡ್ ಇನ್ನೂ ಇಟ್ಟುಕೊಂಡಿದ್ದೀರಾ?"

"ತಿಂಗಳ ಪೂಜೆ ಆಗದೆ ಗುರ್ಕಾರನ ಹೆಸರು ತೆಗೆಯುವುದಿಲ್ಲ ನಾನು. ಇಪ್ಪತ್ತೆರಡು ವರ್ಷದಿಂದ ಹಾಗೇ. ಮಣ್ಣು ಕೊಟ್ಟ ಮರುದಿನವೇ ಹೆಸರು ಹೊಡೆದು ಹಾಕುವುದು ಅಂದ್ರೆ ಎಂತ, ಅವನು ಬಾಡಿಗೆಗೆ ಇದ್ದವನಾ?"

ಈಗಲೇ ತೆಗೆಯಿರಿ ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಕಳ್ಳ ಇನ್ನೊಮ್ಮೆ ಅದೇ ಬಾಗಿಲಿನಿಂದ ಬಂದರೆ ಹಿಡಿಯಬಹುದು ಎಂದು ಲೆಕ್ಕ ಹಾಕಿ, ಇರಲಿ ಬಿಡಿ ಅಂದೆ. ಬುದ್ಧಿವಂತನೆಂದು ತೋರಿಸಿಕೊಳ್ಳುವ ಚಟ ನನಗೆ ಹಳೆಯದು.

ನನ್ನ ಫೋನಿನಲ್ಲಿ ಅವರ ಹೆಸರು ಹುಡುಕಿದೆ. ಯಾವ ಸೈಟನ್ನೂ ತೆರೆಯುವ ಮೊದಲೇ, ಎಲ್ಲಕ್ಕಿಂತ ಮೇಲೆ ಯಂತ್ರ ಬರೆದ ಉತ್ತರ ಕಾಣಿಸಿತು. ಉರ್ವದ ವಿನಿಫ್ರೆಡ್ ನಿಧನರಾಗಿದ್ದಾರೆ, ಅಂತ್ಯವಿಧಿ ಶನಿವಾರ. ಕೆಳಗೆ ಘಾಂಟ್‌ನಿಂದ ನಕಲು ಮಾಡಿದ ಇಪ್ಪತ್ತಕ್ಕೂ ಹೆಚ್ಚು ಸೈಟುಗಳು. ಮೂಲ ಪುಟ ಅಳಿಸಿಹೋಗಿತ್ತು, ನಕಲುಗಳು ಬದುಕಿದ್ದವು.

"ಮೊದಲು ಜನ ನನ್ನ ಬಾಗಿಲಿಗೇ ಬರ್ತಿದ್ರು," ಅಂದರು ವಿನ್ನಿಬಾಯಿ. "ಈಗ ಗೇಟಿನಲ್ಲೇ ಒಬ್ಬ ನಿಂತು, ವಿನ್ನಿ ಇಲ್ಲ, ತೀರಿಕೊಂಡಳು ಅಂತ ಹೇಳಿ ವಾಪಸ್ ಕಳಿಸ್ತಾನೆ. ನಾನು ಬದುಕಿದ್ದೇನೆ ಅಂತ ಅವನಿಗೆ ಹೇಳುವುದು ಹೇಗೆ? ಅವನಿಗೆ ಫೋನ್ ನಂಬ್ರ ಸಹ ಇಲ್ಲ."

ಒಂದು ನಕಲಿನಲ್ಲಿದ್ದ ಫೋಟೊ ನೋಡಿದೆ. ಮುಖ, ಕಾಲರಿನ ಅಂಚು ಮಾತ್ರ ಉಳಿಯುವಂತೆ ಕತ್ತರಿಸಿದ್ದರು. "ಇದು ಯಾರು ತೆಗೆದದ್ದು?"

"ಅದೇ ನನಗೆ ಹೆದರಿಕೆ." ಅವರ ಸ್ವರ ಇಳಿಯಿತು. "ಕಾಲರ್ ನೋಡಿ. ಈ ನೀಲಿ ನೈಟಿ ನಾನು ಕಳೆದ ತಿಂಗಳು ತಗೊಂಡದ್ದು. ಇದನ್ನು ಹಾಕ್ಕೊಂಡು ಗೇಟಿನ ಹೊರಗೆ ಹೋದದ್ದೇ ಇಲ್ಲ. ಫೋಟೊ ಯಾರಿಗೂ ತೆಗೀಲಿಕ್ಕೆ ಬಿಟ್ಟದ್ದೂ ಇಲ್ಲ."

ಅಂದರೆ ಯಾರೋ ಮನೆಯೊಳಗೆ ಬಂದಿದ್ದರು. ನಾನು ಎದ್ದು ಹಿಂಬಾಗಿಲಿನ ಚಿಲಕ ನೋಡಿದೆ, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಎಲ್ಲವೂ ಗಟ್ಟಿಯಾಗಿದ್ದವು. ಅದರಿಂದ ನನ್ನ ಹೆದರಿಕೆ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇಸಿದೋರ್ ಗೋಡೆ ಮುಟ್ಟಿಕೊಂಡು ಒಳಗಿನಿಂದ ಬಂದರು. ಫೋನು ಕುತ್ತಿಗೆಯ ದಾರದಲ್ಲಿ ಎದೆಯ ಮೇಲೆ ನೇತಾಡುತ್ತಿತ್ತು. ಅದರ ಗುಂಡಿ ಒತ್ತಿದಾಗ ಫೋನು ಏರಿಳಿತವಿಲ್ಲದ ಸ್ವರದಲ್ಲಿ ಹೇಳಿತು: "ಮೇಜಿನ ಮೇಲೆ ಎರಡು ಸ್ಟೀಲ್ ಲೋಟ, ಒಂದು ಜಾಲರಿ, ಚೆಲ್ಲಿದ ಚಹಾ. ಇಬ್ಬರು ವ್ಯಕ್ತಿಗಳು."

"ನೋಡಿ, ಇದಕ್ಕೆ ಮೊದಲು ಪಾತ್ರೆ ಕಾಣುವುದು, ಮತ್ತೆ ಮನುಷ್ಯರು," ಅಂದರು ಇಸಿದೋರ್. "ವಿಲ್ಸನ್ ಹಾಕಿ ಕೊಟ್ಟದ್ದು. ನಾನು ಬಸ್‌ಸ್ಟಾಪಿನಲ್ಲಿ ನಿಂತ್ರೆ ಅವನು ಮನೆಯಿಂದಲೇ, ಅವನ ಫೋನಿನಲ್ಲಿ ನನ್ನ ಎದುರು ಇರುವುದನ್ನೆಲ್ಲ ನೋಡಿ, ಹದಿನೈದು ನಂಬ್ರ ಬಸ್ಸು ಬಂತು, ಹತ್ತಿಕೋ ಅಂತಿದ್ದ. ಈಗ ಈ ಯಂತ್ರವೇ ಗತಿ."

"ಪೊರ್ಬುಗಳೇ, ಅಕ್ಕನ ಪೇಜು ನೀವು ಕೇಳಿದ್ರಾ?" ನಮ್ಮ ತುಳುವಿನಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹಾಗೆ.

"ನಾನು ಏಳುವಾಗ ಇವಳು ಅಳಿಸಿ ಆಗಿತ್ತು. ನಕಲಿನದ್ದು ಕೇಳಿದೆ. ಇಮೇಜ್, ಜಾಹೀರಾತು, ಇಮೇಜ್, ಜಾಹೀರಾತು. ನನ್ನ ಅಕ್ಕ ಸತ್ತಿದ್ದಾಳೆ ಅಂತ ಹೇಳುವ ಮೊದಲು ಮೂರು ಸಲ ಸೋಫಾ ಮಾರ್ಲಿಕ್ಕೆ ನೋಡಿದ್ರು. ಫೋಟೊದ ಹಿಂದಿನ ಸಾಲು ಕಳ್ಳರಿಗೆ ಯಾಕೆ? ಎಸೆದಿದ್ದಾರೆ."

ಮಧ್ಯಾಹ್ನದ ಒಳಗೆ ಇಬ್ಬರನ್ನೂ ರಿಕ್ಷಾದಲ್ಲಿ ಸುರತ್ಕಲ್‌ಗೆ ಕರೆದುಕೊಂಡು ಹೋದೆ. ನನ್ನ ಅಕ್ಕ ದೇಯಿ ಮಸ್ಕತ್‌ಗೆ ಮಗಳ ಬಾಣಂತನಕ್ಕೆ ಹೋಗಿದ್ದಳು. ಐದನೆಯ ಮಹಡಿಯ ಅವಳ ಫ್ಲ್ಯಾಟಿನ ಬೀಗದ ಕೈ ನನ್ನಲ್ಲಿತ್ತು. ಆ ಜಾಗ ಮಂಗಳೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಿನ್ನಿಬಾಯಿಯ ಮೊಬೈಲನ್ನು ನಾನೇ ಆಫ್ ಮಾಡಿ ನನ್ನ ಚೀಲಕ್ಕೆ ಹಾಕಿಕೊಂಡೆ. ಫೋನಿನ ಜಾಡು ಹಿಡಿದು ಯಾರಾದರೂ ಬಂದರೆ ಎಂಬ ಮುಂಜಾಗ್ರತೆ. ಇಸಿದೋರ್‌ರ ಫೋನು ಮಾತ್ರ ಕಿತ್ತುಕೊಳ್ಳಲಿಲ್ಲ. ಅದಿಲ್ಲದಿದ್ದರೆ ಹೊಸ ಮನೆಯಲ್ಲಿ ಅವರಿಗೆ ಒಂದು ಹೆಜ್ಜೆ ಇಡುವುದೂ ಕಷ್ಟ.

"ಪೊರ್ಬುಗಳೇ, ನಾಳೆ ಒಂದು ದಿನ ಅಕ್ಕನ ಪಕ್ಕ ಬಿಡಬೇಡಿ," ಅಂದೆ. "ಮಧ್ಯಾಹ್ನಕ್ಕೆ ಊಟ ಕಳಿಸ್ತೇನೆ. ನನ್ನ ಜನ ಬಂದ್ರೆ ಮಾತ್ರ ಬಾಗಿಲು ತೆಗೆಯಿರಿ."

"ನಾನು ಬಿಡ್ತೇನಾ?" ಅಂದರು ಇಸಿದೋರ್. ಎದೆಯ ಮೇಲಿನ ಫೋನನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಮರುದಿನ ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ ನಾನು ಕೊಡಿಯಾಲ್‌ಬೈಲ್‌ನಲ್ಲಿ ಮರ್ವಿನ್‌ನ ಆಫೀಸಿನ ಬಾಗಿಲು ತಳ್ಳಿದೆ. ಐದು ವರ್ಷ ವಿನ್ನಿಬಾಯಿಯ ಕೈಕೆಳಗೆ ವೆಬ್‌ಸೈಟ್ ಕಟ್ಟುವುದನ್ನು ಕಲಿತವನು ಅವನು. ಆಮೇಲೆ ಬೇರೆಯಾಗಿ, ಕಲಿತದ್ದಕ್ಕೆಲ್ಲ ತಿರುಗುಮುರುಗಾದದ್ದನ್ನು ಮಾಡುತ್ತಿದ್ದ. ಘಾಂಟ್‌ನ ನಕಲುಗಳಲ್ಲಿ ಆರು ಅವನವು.

ಕೋಣೆಯಲ್ಲಿ ಮೂರು ಪರದೆ, ಒಬ್ಬನೇ ಮನುಷ್ಯ. ನನ್ನನ್ನು ನೋಡಿ ಅವನು ಏಳಲೂ ಇಲ್ಲ.

"ವಿನ್ನಿ ಆಂಟಿ ಎಲ್ಲಿದ್ದಾರೆ ಸರ್?"

"ಅದು ನಿನಗೆ ಯಾಕೆ?"

"ಫೋನ್ ಸ್ವಿಚ್ ಆಫ್ ಬರ್ತಾ ಉಂಟು. ಇವತ್ತು ಶುಕ್ರವಾರ."

ನಾನು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. "ವಿಲ್ಸನ್‌ರಿಗೆ ಮಣ್ಣು ಕೊಟ್ಟ ದಿನ ಗೇಟಿನ ಹತ್ತಿರ ವಿನ್ನಿಬಾಯಿಗೆ ನೀನು ಎಂತ ಹೇಳಿದ್ದು?"

"ಎಂತ ಹೇಳಿದೆ?"

"ನೀವು ಹೋದ ಮೇಲೆ ಘಾಂಟ್ ನನ್ನ ಕೈಗೇ ಬರ್ಬೇಕು ಅಂತ."

ಮರ್ವಿನ್ ಗೋಡೆಯ ಗಡಿಯಾರ ನೋಡಿದ. "ಹೇಳಿದೆ. ಬೇರೆ ಯಾರು ನಡೆಸ್ತಾರೆ ಸರ್? ಅವರಿಗೆ ಅರುವತ್ತೊಂದು. ಹೆದರಿಸ್ಲಿಕ್ಕೆ ಹೇಳಿದ್ದಲ್ಲ."

"ಅವರು ಹೆದರಿದ್ದಾರೆ."

"ನಾನು ಹೆದರಲಿಲ್ಲ ಅಂತ ಎಣಿಸಿದ್ರಾ?" ಅವನು ಪರದೆಗಳತ್ತ ಕೈ ತೋರಿಸಿದ. "ನನ್ನ ಯಂತ್ರ ಪ್ರತಿ ಐದು ನಿಮಿಷಕ್ಕೆ ಘಾಂಟ್ ನೋಡ್ತದೆ. ಹೊಸತು ಇದ್ರೆ ತರ್ತದೆ, ಅದೇ ಮತ್ತೆ ಬರೀತದೆ, ಅದೇ ಹಾಕ್ತದೆ. ನಾನು ಓದುವುದೇ ಇಲ್ಲ. ನಿನ್ನೆ ಬೆಳಿಗ್ಗೆ ಅಮ್ಮ ಫೋನ್ ಮಾಡಿ ವಿನ್ನಿ ಹೋದಳಂತೆ ಅಂದ್ರು. ನೋಡಿದ್ರೆ ಸುದ್ದಿ ಹಬ್ಬಿಸಿದ್ದು ನಾನೇ. ನಾನು ತೆಗೆಯುವಷ್ಟರಲ್ಲಿ ಬೇರೆಯವರ ಯಂತ್ರಗಳು ನನ್ನಿಂದ ತಗೊಂಡು ಆಗಿತ್ತು. ಅದನ್ನು ಓದಿ ಮೇಲಿನ ಉತ್ತರ ಬರೆಯುವ ಯಂತ್ರ, ಇಷ್ಟು ಕಡೆ ಉಂಟಲ್ಲ, ಹಾಗಾದ್ರೆ ಸತ್ಯ ಅಂತ ಎಣಿಸ್ತು. ಇದರಲ್ಲಿ ಎಲ್ಲಿಯೂ ಒಬ್ಬ ಮನುಷ್ಯ ಇಲ್ಲ ಸರ್."

"ಮೊದಲು ಬರೆದವನು ಮನುಷ್ಯ."

"ಅವನು ನಾನಲ್ಲ."

ಮೂವತ್ತು ವರ್ಷಗಳಲ್ಲಿ ಬಹಳ ಸುಳ್ಳು ಕೇಳಿದ್ದೇನೆ. ಸುಳ್ಳು ಹೇಳುವವನು ನನ್ನನ್ನು ನೋಡುತ್ತಾನೆ, ನಂಬಿದೆನೋ ಇಲ್ಲವೋ ಎಂದು. ಮರ್ವಿನ್ ಆಗಾಗ ಗಡಿಯಾರ ನೋಡುತ್ತಿದ್ದ. ಅಷ್ಟರಲ್ಲೇ ನನ್ನ ಅನುಮಾನ ಅರ್ಧ ಇಳಿದುಹೋಯಿತು.

"ಯಂತ್ರ ತಂದದ್ದನ್ನು ಮತ್ತೆ ಬರೆಯುವ ಮೊದಲು ಎಲ್ಲಿ ಇಡ್ತದೆ?" ಎಂದು ಕೇಳಿದೆ.

"ಇಲ್ಲೇ. ಹಸಿ ಕಾಪಿ. ಅದನ್ನು ನಾನು ಅಳಿಸುವುದಿಲ್ಲ."

"ಫೋಟೊದ ಹಿಂದಿನ ಸಾಲು ಸಹ?"

ಅವನು ನನ್ನ ಮುಖ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ. ವಿನ್ನಿಬಾಯಿ ಕಲಿಸಿದ್ದರಲ್ಲಿ ಅವನು ಮೊದಲು ಮರೆತದ್ದು ಅದನ್ನೇ. ಕೀಲಿಮಣೆಯನ್ನು ಎಳೆದುಕೊಂಡು ಎರಡು ನಿಮಿಷ ಹುಡುಕಿದ. ಮೊದಲು ಸಿಕ್ಕಿದ್ದು ವಿಲ್ಸನ್‌ರ ಪುಟದ ಸಾಲು. ಫೋಟೊದಲ್ಲಿ ವಿಲ್ಸನ್‌ರ ನಗುವ ಮುಖ ಮಾತ್ರ ಇತ್ತು. ಹಿಂದಿನ ಸಾಲು ಹೀಗಿತ್ತು:

"ಒಂದು ಬಾವಿ, ಒಂದು ರಾಟೆ, ಎರಡು ಪ್ಲಾಸ್ಟಿಕ್ ಕುರ್ಚಿ. ಬಿಳಿ ಅಂಗಿಯ ಒಬ್ಬ ಗಂಡಸು."

"ಮುಖ ಮಾತ್ರ ಕತ್ತರಿಸಿ ಹಾಕಿದ್ದಾನೆ," ಅಂದ ಮರ್ವಿನ್. "ಸಾಲು ಮಾತ್ರ ಪೂರ್ತಿ ಫೋಟೊದ್ದು. ಆಂಟಿಯ ಫಾರ್ಮ್ ಆ ಸಾಲು ಇಲ್ಲದೆ ಬಿಡುವುದಿಲ್ಲ. ಅರ್ಜೆಂಟಿನಲ್ಲಿ, ಫೋಟೊದ ಒಟ್ಟಿಗೆ ಇದ್ದದ್ದನ್ನೇ ಅಂಟಿಸಿ ಹೋಗಿದ್ದಾನೆ."

"ಇನ್ನೊಂದು ತೆಗಿ."

ವಿನ್ನಿಬಾಯಿಯ ಪುಟ ತೆರೆಯಿತು.

"ಮೇಜಿನ ಮೇಲೆ ಮೂರು ತಟ್ಟೆ, ಒಂದು ಸ್ಟೀಲ್ ಡಬ್ಬಿ, ನಾಲ್ಕು ಬಾಳೆಹಣ್ಣು. ನೀಲಿ ನೈಟಿಯ ಮಹಿಳೆ ನಿಂತಿದ್ದಾಳೆ. ಎಡಗಡೆ ಕಂದು ಅಂಗಿಯ, ಬೋಳು ತಲೆಯ ಗಂಡಸು ತಿನ್ನುತ್ತಿದ್ದಾನೆ."

ನಾನು ಎರಡು ಸಲ ಓದಿದೆ. ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಮಂಗಳವಾರ ಬೆಳಿಗ್ಗೆ ಕಂದು ಅಂಗಿ ಹಾಕಿಕೊಂಡು ವಿನ್ನಿಬಾಯಿಯ ಮನೆಯಲ್ಲಿ ನೀರುದೋಸೆ ತಿನ್ನುತ್ತಿದ್ದವನು ನಾನೇ. ಆಗ ಅಲ್ಲಿದ್ದವರು ಮೂವರು. ನಾನು, ಅವರು, ಎದುರಿನ ಕುರ್ಚಿಯಲ್ಲಿ ಇಸಿದೋರ್.

ಫೋಟೊ ತೆಗೆದದ್ದು ಇಸಿದೋರ್‌ರ ಕುರ್ಚಿಯಿಂದ. ಮೊದಲು ಪಾತ್ರೆ, ಮತ್ತೆ ಮನುಷ್ಯರು.

ಕಣ್ಣಿಲ್ಲದ ಆ ಮನುಷ್ಯನನ್ನೇ, ಅಕ್ಕನ ಪಕ್ಕ ಬಿಡಬೇಡಿ ಎಂದು ಹೇಳಿ ಕೂರಿಸಿ ಬಂದಿದ್ದೆ.

ಆದರೆ ಒಂದು ಕ್ಷಣ ಯೋಚಿಸಿದರೆ ಆ ಅನುಮಾನ ನಿಲ್ಲುವುದಿಲ್ಲ. ಇಸಿದೋರ್‌ಗೆ ಫೋಟೊ ಎಂದರೇ ಆ ಹಿಂದಿನ ಸಾಲು. ಬೇರೇನನ್ನು ಮರೆತರೂ ಅವರು ಅದನ್ನು ಮರೆಯುವವರಲ್ಲ. ಮುಖ ಕತ್ತರಿಸಿ ಸಾಲನ್ನು ಹಾಗೇ ಬಿಟ್ಟವನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಕಾಣುವವರಿಗೇ ಕಾಣದ ಸಾಲು ಅದು.

"ಮರ್ವಿನ್, ಇಸಿದೋರ್‌ರ ಫೋನಿನಲ್ಲಿ ಒಂದು ಆ್ಯಪ್ ಉಂಟು. ಎದುರು ಇರುವುದನ್ನು ಓದಿ ಹೇಳ್ತದೆ. ಬೇರೆಯವರು ಸಹ ಅವರವರ ಫೋನಿನಿಂದ ನೋಡ್ಲಿಕ್ಕೆ ಆಗ್ತದಂತೆ."

"ಆಗ್ತದೆ. ಒಬ್ಬ ಸಹಾಯಕನ ಹೆಸರು ಕೊಟ್ಟಿರ್ಬೇಕು. ಅವನಿಗೆ ಫೋಟೊ, ಅದರ ಸಾಲು ಎಲ್ಲ ಹೋಗ್ತದೆ. ಬೇಕಾದ್ರೆ ಮಾತು ಸಹ ಕೇಳ್ತದೆ, ಇರುವ ಜಾಗ ಸಹ ತೋರಿಸ್ತದೆ. ಯಾರ ಹೆಸರು ಕೊಟ್ಟಿದ್ದಾರೆ?"

"ವಿಲ್ಸನ್."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಬಿಡುತ್ತಲೇ ಇತ್ತು.

ವಿಲ್ಸನ್ ಆ ಶನಿವಾರ ಲ್ಯಾಂಡ್‌ಲೈನಿನಿಂದ ಯಾಕೆ ಫೋನ್ ಮಾಡಿದರು? ಮೊಬೈಲು ಅವರ ಕೈಯಲ್ಲಿ ಇರಲಿಲ್ಲ, ಅದಕ್ಕೆ. ಬಾವಿಯ ಕೆಸರಿನಲ್ಲಿ ಅದು ಯಾವತ್ತೂ ಇರಲಿಲ್ಲ. ಸಾಯುವ ಹಿಂದಿನ ದಿನವೇ ಅದು ಇನ್ನೊಬ್ಬನ ಕಿಸೆಯಲ್ಲಿತ್ತು. ಆ ಒಂದು ಫೋನಿನಲ್ಲಿ ಗುರ್ಕಾರನ ಪಾಸ್‌ವರ್ಡ್ ಇತ್ತು, ಇಸಿದೋರ್‌ರ ಎದೆಯ ಮೇಲಿನ ಕಣ್ಣೂ ಇತ್ತು. ಎರಡನ್ನೂ ಮುಚ್ಚಬಹುದಾಗಿತ್ತು. ಒಂದನ್ನು ತೆರೆದಿಡಲು ಒಪ್ಪಿದವನು ನಾನು, ಇನ್ನೊಂದನ್ನು ವಿನ್ನಿಬಾಯಿಯ ಜೊತೆ ಕಳಿಸಿದವನೂ ನಾನೇ.

ಮಧ್ಯದ ಪರದೆ ಟಿಂಗ್ ಎಂದಿತು.

"ಘಾಂಟ್‌ನಲ್ಲಿ ಹೊಸತು ಬಂತು," ಅಂದ ಮರ್ವಿನ್. ಅವನು ತೆರೆಯುವುದನ್ನು ನಾನು ನೋಡುತ್ತ ನಿಂತೆ.

ಅದೇ ಸೂಚನೆ, ಅದೇ ಹೆಸರು. ಫೋಟೊ ಮಾತ್ರ ಬೇರೆ. ಮುಖ ಇರಲಿಲ್ಲ, ನರೆತ ಕೂದಲಿನ ತಲೆಯ ಹಿಂಭಾಗ ಮಾತ್ರ ಇತ್ತು. ನಿಧನದ ದಿನದ ಪಕ್ಕದಲ್ಲಿ ಈಗ ಹೊತ್ತೂ ಇತ್ತು. ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆ. ಕುವೈತಿನಲ್ಲಿ ಒಂಬತ್ತು.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಎಂಟು ನಿಮಿಷವಾಗಿತ್ತು.

"ಸಾಲು," ಅಂದೆ. "ಹಿಂದಿನ ಸಾಲು ಓದು."

ಮರ್ವಿನ್ ಓದಿದ. "ಒಂದು ಕಬ್ಬಿಣದ ಕಂಬಿ, ಎರಡು ಹೂವಿನ ಕುಂಡ, ಒಂದು ಟವೆಲ್. ಹಸಿರು ನೈಟಿಯ ಮಹಿಳೆ ಬೆನ್ನು ತಿರುಗಿಸಿ ನಿಂತಿದ್ದಾಳೆ. ದೂರದಲ್ಲಿ ಸಮುದ್ರ, ಬಲಗಡೆ ಹೊಗೆ ಕೊಳವೆಗಳು." ಅವನು ತಲೆ ಎತ್ತಿದ. "ಹೊಗೆ ಕೊಳವೆ ಅಂದ್ರೆ ರಿಫೈನರಿ. ಸುರತ್ಕಲ್‌ನಲ್ಲಿ ಇಟ್ಟಿದ್ದೀರಾ ಅವರನ್ನು?"

ದೇಯಿಯ ಬಾಲ್ಕನಿಯ ಕಂಬಿ ಸೊಂಟದ ಮಟ್ಟಕ್ಕಿದೆ. ಎರಡು ಕುಂಡಗಳಲ್ಲಿ ಅವಳ ತುಳಸಿ, ಅವಳ ಕರಿಬೇವು.

"ಪೊಲೀಸರಿಗೆ ಫೋನ್ ಮಾಡು," ಎಂದು ವಿಳಾಸ ಬರೆದು ಕೊಟ್ಟು ಮೆಟ್ಟಿಲಿಗೆ ಓಡಿದೆ. ಕೂಳೂರು ಸೇತುವೆ ದಾಟಿ ಸುರತ್ಕಲ್ ಮುಟ್ಟಲು ಆ ಹೊತ್ತಿನಲ್ಲಿ ಮುಕ್ಕಾಲು ಗಂಟೆ ಬೇಕು. ಇದ್ದದ್ದು ಇಪ್ಪತ್ತೆರಡು ನಿಮಿಷ. ವಿನ್ನಿಬಾಯಿಯ ಮೊಬೈಲು ನನ್ನ ಚೀಲದಲ್ಲೇ ಸತ್ತು ಬಿದ್ದಿತ್ತು. ಆ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದಕ್ಕೆ ನಾನು ಹೇಳುವ ಮಾತು ಇನ್ನೊಬ್ಬನ ಕಿವಿಗೂ ಬೀಳುವ ಸಾಧ್ಯತೆ ಇತ್ತು. ಬೇರೆ ದಾರಿಯೂ ಇರಲಿಲ್ಲ. ಇಳಿಯುತ್ತಲೇ ಒತ್ತಿದೆ.

ನಾಲ್ಕನೆಯ ರಿಂಗಿಗೆ ಇಸಿದೋರ್ ಎತ್ತಿದರು.

"ಪೊರ್ಬುಗಳೇ, ಬಾಗಿಲಿಗೆ ಚಿಲಕ ಹಾಕಿ. ಯಾರು ಬಂದ್ರೂ ತೆಗೀಬೇಡಿ."

"ನಿಮ್ಮ ಜನ ಬಂದು ಆಯ್ತಲ್ಲ," ಅಂದರು ಇಸಿದೋರ್. "ಊಟ ತಂದವರು."

ನಾನು ಮೆಟ್ಟಿಲಿನಲ್ಲೇ ನಿಂತೆ. ನಾನು ಊಟಕ್ಕೆ ಹೇಳಿದ್ದು ಒಂದು ಗಂಟೆಗೆ.

"ಯಾರು ಬಂದದ್ದು?"

"ಗೊತ್ತಿಲ್ಲ ಮಾರಾಯ್ರೆ. ಒಬ್ಬರೇ." ಅವರ ಸ್ವರ ಪಿಸುಮಾತಿಗೆ ಇಳಿಯಿತು. "ನಾನು ಒಳಗಿನ ಕೋಣೆಗೆ ಬಂದಿದ್ದೇನೆ. ಆ ಜನ ಬಂದು ಐದು ನಿಮಿಷ ಆಯ್ತು, ಒಂದು ಮಾತು ಆಡ್ಲಿಲ್ಲ. ಗಂಟಲು ಸರಿ ಇಲ್ಲ ಅಂತ ಕೈಸನ್ನೆ ಮಾಡಿದ್ರಂತೆ, ವಿನ್ನಿ ಹೇಳಿದ್ಳು. ನಾನು ನಮಸ್ಕಾರ ಅಂದ್ರೆ ಅದಕ್ಕೂ ಇಲ್ಲ. ನನ್ನ ಎದುರು ಯಾರೂ ಮುಖ ಮುಚ್ಚಬೇಕು ಅಂತ ಇಲ್ಲ, ತಾರಾನಾಥರೇ. ಸ್ವರ ಮುಚ್ಚಬೇಕು. ನನಗೆ ಗುರ್ತ ಇಲ್ಲದವರು ಅದನ್ನು ಯಾಕೆ ಮುಚ್ತಾರೆ?"

"ವಿನ್ನಿಬಾಯಿ ಎಲ್ಲಿ? ಅವರನ್ನು ಒಳಗೆ ಕರೆಯಿರಿ."

"ಬಾಲ್ಕನಿಯಲ್ಲಿ. ಆ ಜನಕ್ಕೆ ಸಮುದ್ರ ತೋರಿಸ್ತಾ ಇದ್ದಾಳೆ." ಆ ಕಡೆಯಿಂದ ಗಾಳಿಯ ಸದ್ದು ಮಾತ್ರ ಕೇಳಿಸುತ್ತಿತ್ತು.

"ಇಷ್ಟು ಹೊತ್ತು ಅವಳು ಮಾತಾಡುವುದು ಕೇಳ್ತಾ ಇತ್ತು," ಅಂದರು ಇಸಿದೋರ್. "ಈಗ ಕೇಳುವುದಿಲ್ಲ."